ಶಯನಕಾಲದ ಪ್ರಾರ್ಥನೆ: ವಿಧಿ, ನೇಮ ಮತ್ತು ವಾಡಿಕೆ

ಪ್ರಸ್ತಾವನೆ

ನಿದ್ರೆಗೆ ಮುನ್ನ ದೇವರನ್ನು ನೆನೆಯುವ ಆಚರಣೆ ಹಲವು ಧಾರ್ಮಿಕ ಪರಂಪರೆಗಳಲ್ಲಿ ಕಂಡುಬರುತ್ತದೆ. ಆದರೆ ಈ ಆಚರಣೆಗೆ ಆಯಾ ಪರಂಪರೆ ಕೊಟ್ಟಿರುವ ಸ್ಥಾನ ಒಂದೇ ಬಗೆಯದಲ್ಲ. ಒಂದು ಕಡೆ ಅದು ತಪ್ಪಿಸಲಾಗದ ವಿಧಿ. ಮತ್ತೊಂದು ಕಡೆ ತಾನಾಗಿ ಕೈಗೊಂಡ ನೇಮ. ಇನ್ನೊಂದು ಕಡೆ ಮನೆಯ ಹಿರಿಯರಿಂದ ಬಂದ ವಾಡಿಕೆ. ಈ ಮೂರರ ನಡುವಣ ಗೆರೆಗಳು ಎಲ್ಲಿವೆ, ಅವು ಸ್ಥಿರವೇ, ಅವುಗಳನ್ನು ಎಳೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ಕುರಿತು ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಶಯನಕಾಲದ ಪ್ರಾರ್ಥನೆಯನ್ನು ಕುರಿತು ಅತ್ಯಂತ ವಿವರವಾದ ಚರ್ಚೆಯನ್ನು ನಡೆಸಿರುವ ಪರಂಪರೆಗಳಲ್ಲಿ ಯಹೂದಿ ಧರ್ಮಶಾಸ್ತ್ರ ಒಂದು. ಅದನ್ನು ಕನ್ನಡ ನೆಲದ ಆಚರಣೆಗಳ ಜೊತೆಗಿಟ್ಟು ನೋಡಿದಾಗ ನಮ್ಮ ಸಾಮಗ್ರಿಯನ್ನು ನಾವೇ ಸರಿಯಾಗಿ ಓದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಮಾತಿಗೆ ನನ್ನ ಕೆಲಸವೇ ಒಂದು ನಿದರ್ಶನ. ನೆಲಮಂಗಲದ ನಮ್ಮ ಮನೆಯಲ್ಲಿ ಅಜ್ಜ ಸಂಜೆ ಸಂಧ್ಯಾವಂದನೆ ಮಾಡುತ್ತಿದ್ದರು. ಅಜ್ಜಿ ರಾತ್ರಿ ಎಲ್ಲರ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ, ದೀಪ ದೊಡ್ಡದು ಮಾಡಿ, ಹಾಸಿಗೆಯ ಮೇಲೆ ಕುಳಿತು ಎರಡು ಶ್ಲೋಕಗಳನ್ನು ಹೇಳಿ, ಮಕ್ಕಳಾದ ನಮ್ಮಿಂದಲೂ ಹೇಳಿಸಿ ಮಲಗುತ್ತಿದ್ದರು. ಸಂಶೋಧನೆಯ ಆರಂಭದಲ್ಲಿ ಟಿಪ್ಪಣಿಗಳನ್ನು ವರ್ಗೀಕರಿಸುವಾಗ ಅಜ್ಜನದನ್ನು 'ಧಾರ್ಮಿಕ ವಿಧಿಗಳು' ಎಂಬ ಶೀರ್ಷಿಕೆಯಲ್ಲಿಯೂ ಅಜ್ಜಿಯದನ್ನು 'ಜನಪದ ನಂಬಿಕೆಗಳು' ಎಂಬ ಶೀರ್ಷಿಕೆಯಲ್ಲಿಯೂ ಸೇರಿಸಿದ್ದೆ. ಹೀಗೇಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ಅಜ್ಜ ಪ್ರಯಾಣದಲ್ಲಿ ಎಷ್ಟೋ ಸಂಜೆ ಸಂಧ್ಯಾವಂದನೆಯನ್ನು ಬಿಟ್ಟದ್ದುಂಟು. ಅಜ್ಜಿ ಜ್ವರದಲ್ಲಿಯೂ ಆ ಶ್ಲೋಕಗಳನ್ನು ಬಿಟ್ಟದ್ದನ್ನು ನಾನು ಕಂಡಿಲ್ಲ. ಶಾಸ್ತ್ರದ ದೃಷ್ಟಿಯಿಂದ ಕಡ್ಡಾಯವಾದುದು ಸಡಿಲವಾಗಿಯೂ ಐಚ್ಛಿಕವಾದುದು ಬಿಗಿಯಾಗಿಯೂ ನಡೆಯುತ್ತಿದ್ದ ಈ ಸ್ಥಿತಿಯನ್ನು 'ವಿಧಿ' ಮತ್ತು 'ನಂಬಿಕೆ' ಎಂಬ ಎರಡು ಪದಗಳಿಂದ ವಿವರಿಸಲು ಸಾಧ್ಯವಿಲ್ಲ.

ಪದಗಳ ವಿಚಾರ

ಮೊದಲಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳನ್ನು ಗಮನಿಸಬಹುದು. 'ವಿಧಿ', 'ಕಟ್ಟಳೆ', 'ಕಡ್ಡಾಯ' ಎಂಬ ಪದಗಳು ಹೊರಗಿನಿಂದ ಬಂದ ಬಂಧನವನ್ನು ಸೂಚಿಸುತ್ತವೆ. ಇಂದು ವಿಶೇಷಣವಾಗಿ ಬಳಸುವ 'ಕಡ್ಡಾಯ' ಶಾಸನಗಳಲ್ಲಿ ತೆರಿಗೆಯೊಂದರ ಹೆಸರಾಗಿ ಬರುತ್ತದೆ ಎಂಬುದು ಇಲ್ಲಿ ಅರ್ಥಪೂರ್ಣ. ಕೊಡದಿದ್ದರೆ ಬಾಕಿ ಉಳಿಯುವಂಥದು ಎಂಬ ಭಾವ ಅದರ ಹಿಂದಿದೆ. 'ವಾಡಿಕೆ', 'ರೂಢಿ', 'ಬಳಕೆ' ಎಂಬುವು ನಡೆದುಬಂದದ್ದನ್ನು ಹೇಳುತ್ತವೆಯೇ ಹೊರತು ನಡೆಯಲೇಬೇಕಾದುದನ್ನಲ್ಲ. ಇವೆರಡರ ನಡುವೆ 'ನೇಮ' ಎಂಬ ಪದವಿದೆ. ಸಂಸ್ಕೃತದ 'ನಿಯಮ'ದಿಂದ ಬಂದ ಇದು ಕನ್ನಡದಲ್ಲಿ ತನ್ನದೇ ಅರ್ಥವನ್ನು ಪಡೆದುಕೊಂಡಿದೆ. 'ನೇಮ ಹಿಡಿದರು' ಎನ್ನುತ್ತೇವೆ. 'ವಿಧಿ ಹಿಡಿದರು' ಎನ್ನುವುದಿಲ್ಲ. ಹಿಡಿಯುವವರೆಗೆ ಅದು ವ್ಯಕ್ತಿಯ ಇಚ್ಛೆ, ಹಿಡಿದ ಮೇಲೆ ಬಂಧನ. ವ್ರತವನ್ನು ಕೈಗೊಂಡವರು ಉದ್ಯಾಪನೆಯಿಲ್ಲದೆ ಅದನ್ನು ಬಿಡುವಂತಿಲ್ಲ ಎಂಬ ನಡವಳಿಕೆ ಇದೇ ತತ್ತ್ವದ ಮೇಲೆ ನಿಂತಿದೆ.

ಯಹೂದಿ ಧರ್ಮಶಾಸ್ತ್ರದಲ್ಲಿಯೂ ಇಂಥ ಪದಶ್ರೇಣಿಯಿದೆ. 'ಹೋವಾ' ಎಂದರೆ ಸಲ್ಲಿಸಬೇಕಾದ ಋಣ, ಕಡ್ಡಾಯ. 'ರೆಶೂತ್' ಎಂದರೆ ಐಚ್ಛಿಕ. 'ಮಿನ್ಹಾಗ್' ಎಂದರೆ ಸಮುದಾಯದ ರೂಢಿ. 'ಮಿಟ್ಸ್ವಾ' ಎಂಬ ಪದಕ್ಕೆ ಆಜ್ಞೆ ಎಂಬುದು ಮೂಲಾರ್ಥವಾದರೂ, ಕಡ್ಡಾಯವಲ್ಲದಿದ್ದರೂ ಮಾಡತಕ್ಕ ಸತ್ಕಾರ್ಯ ಎಂಬ ಅರ್ಥದಲ್ಲಿಯೂ ಅದನ್ನು ಬಳಸುವುದುಂಟು. ಶಯನಕಾಲದ ಪ್ರಾರ್ಥನೆಯ ಚರ್ಚೆ ಈ ನಾಲ್ಕು ಪದಗಳ ನಡುವೆ ಚಲಿಸುತ್ತದೆ.

ಯಹೂದಿ ಪರಂಪರೆಯಲ್ಲಿ ಶಯನಕಾಲದ ಶೆಮಾ

ಯಹೂದಿಗಳ ನಿತ್ಯಪಠನದ ಕೇಂದ್ರದಲ್ಲಿರುವುದು 'ಶೆಮಾ'. ದೇವರು ಒಬ್ಬನೇ ಎಂಬ ಸಾರುವಿಕೆಯಿಂದ ಆರಂಭವಾಗುವ ಈ ಪಾಠ ಬೈಬಲಿನ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿದೆ. ಈ ಮಾತುಗಳನ್ನು ಮಲಗುವಾಗಲೂ ಏಳುವಾಗಲೂ ಆಡಬೇಕೆಂಬ ಆದೇಶ ಅದೇ ಭಾಗದಲ್ಲಿ ಬರುತ್ತದೆ. 'ಮಲಗುವಾಗ' ಎಂದರೆ ಏನು ಎಂಬುದೇ ಮುಂದಿನ ಚರ್ಚೆಗೆಲ್ಲ ಮೂಲ. ಮಲಗುವ ಭಂಗಿಯೇ? ಜನ ಮಲಗುವ ಹೊತ್ತೇ? ಅಥವಾ ಒಬ್ಬೊಬ್ಬನೂ ತನ್ನ ಹಾಸಿಗೆಗೆ ಹೋಗುವ ಗಳಿಗೆಯೇ?

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಗ್ರಂಥವು ಇದೇ ಪ್ರಶ್ನೆಯಿಂದ ತೊಡಗುತ್ತದೆ. ಅದರ ಮೊದಲ ಪ್ರಕರಣವಾದ 'ಬೆರಾಖೋತ್'ನ ಮೊದಲ ವಾಕ್ಯವೇ ಸಂಜೆಯ ಶೆಮಾವನ್ನು ಯಾವ ಹೊತ್ತಿನಿಂದ ಓದಬೇಕು ಎಂಬುದನ್ನು ಕುರಿತದ್ದು. ಶಮ್ಮಾಯಿಯ ಪಂಥದವರು ಆದೇಶವನ್ನು ಭಂಗಿಗೆ ಅನ್ವಯಿಸಿ, ಸಂಜೆಯದನ್ನು ಒರಗಿಕೊಂಡೇ ಓದಬೇಕೆಂದರು. ಹಿಲ್ಲೆಲನ ಪಂಥದವರು ಅದನ್ನು ಹೊತ್ತಿಗೆ ಅನ್ವಯಿಸಿ, ಹೇಗಿದ್ದರೂ ಓದಬಹುದೆಂದರು. ಅವರ ಅಭಿಪ್ರಾಯವೇ ನಿಂತಿತು. ಎಷ್ಟು ಹೊತ್ತಿನವರೆಗೆ ಓದಬಹುದು ಎಂಬಲ್ಲಿಯೂ ಮತಭೇದವಿತ್ತು. ಋಷಿಗಳ ಬಹುಮತ ನಡುರಾತ್ರಿಯವರೆಗೆ ಎಂದಿತು; ರಬ್ಬಾನ್ ಗಮಲಿಯೇಲನು ಅರುಣೋದಯದವರೆಗೆ ಎಂದನು. ಔತಣದಿಂದ ತಡವಾಗಿ ಬಂದ ಅವನ ಮಕ್ಕಳು ಇನ್ನೂ ಶೆಮಾ ಓದಿಲ್ಲವೆಂದಾಗ, ಬೆಳಗು ಹರಿಯದಿದ್ದರೆ ಓದಲೇಬೇಕೆಂದು ಅವನು ಹೇಳಿದ ಪ್ರಸಂಗ ಅಲ್ಲಿಯೇ ಇದೆ. ನಡುರಾತ್ರಿಯ ಮಿತಿ ಜನರನ್ನು ಉಪೇಕ್ಷೆಯಿಂದ ದೂರವಿಡಲು ಹಾಕಿದ ಬೇಲಿಯೆಂದು ಮಿಶ್ನಾ ವಿವರಿಸುತ್ತದೆ.

ಸಂಜೆಯ ಪ್ರಾರ್ಥನೆಯಲ್ಲಿ ಶೆಮಾ ಓದಿದವನು ಹಾಸಿಗೆಯಲ್ಲಿ ಮತ್ತೆ ಓದಬೇಕೆ ಎಂಬುದು ಮುಂದಿನ ಪ್ರಶ್ನೆ. ಬ್ಯಾಬಿಲೋನಿನ ತಾಲ್ಮೂದ್ ಇದಕ್ಕೆ ಮೂರು ಅಭಿಪ್ರಾಯಗಳನ್ನು ದಾಖಲಿಸುತ್ತದೆ. ಪ್ರಾರ್ಥನಾಮಂದಿರದಲ್ಲಿ ಓದಿದ್ದರೂ ಹಾಸಿಗೆಯ ಮೇಲೆ ಓದುವುದು 'ಮಿಟ್ಸ್ವಾ' ಎಂದು ರಬ್ಬಿ ಯೆಹೋಶುವ ಬೆನ್ ಲೇವಿ ಹೇಳುತ್ತಾನೆ. ವಿದ್ವಾಂಸನಾದರೆ ಬೇಕಿಲ್ಲವೆಂಬುದು ರವ್ ನಹ್ಮಾನನ ಮತ. ವಿದ್ವಾಂಸನೂ ಕರುಣೆಯನ್ನು ಬೇಡುವ ಒಂದು ವಾಕ್ಯವನ್ನಾದರೂ ಹೇಳಬೇಕೆಂಬುದು ಅಬಯೇಯ ಮತ. ಆತ್ಮವನ್ನು ದೇವರ ಕೈಗೆ ಒಪ್ಪಿಸುವ ಕೀರ್ತನೆಯ ಸಾಲನ್ನು ಅವನು ಉದಾಹರಿಸುತ್ತಾನೆ. ರಬ್ಬಿ ಯೆಹೋಶುವನು 'ಹೋವಾ' ಎನ್ನದೆ 'ಮಿಟ್ಸ್ವಾ' ಎಂದದ್ದು ಗಮನಾರ್ಹ. ವಿದ್ವಾಂಸನಿಗೆ ವಿನಾಯಿತಿ ಕೊಟ್ಟಿರುವುದೂ ಗಮನಾರ್ಹ. ನಿಜವಾದ ಋಣದಿಂದ ವಿದ್ವತ್ತು ಯಾರನ್ನೂ ಬಿಡಿಸಲಾರದು. ಹಾಸಿಗೆಯ ಮೇಲೆ ಶೆಮಾ ಓದುವವನಿಂದ ಕೇಡು ಮಾಡುವ ಶಕ್ತಿಗಳು ದೂರವಾಗುತ್ತವೆ ಎಂಬ ಮಾತೂ ಅಲ್ಲಿಯೇ ಬರುವುದರಿಂದ ಈ ಪಠನದ ಉದ್ದೇಶ ರಕ್ಷಣೆ ಎಂಬ ತಿಳಿವಳಿಕೆ ಬೆಳೆಯಿತು. ಕಣ್ಣಿಗೆ ನಿದ್ರೆಯನ್ನು ತರುವ ದೇವರನ್ನು ಸ್ತುತಿಸುವ 'ಹಮಪ್ಪೀಲ್' ಎಂಬ ಪ್ರಾರ್ಥನೆಯೂ ಇದರ ಜೊತೆಗೆ ಸೇರಿತು.

ಮಧ್ಯಯುಗದಲ್ಲಿ ಈ ವಿಷಯ ಹೊಸ ತಿರುವನ್ನು ಪಡೆಯಿತು. ಯೂರೋಪಿನ ಸಮುದಾಯಗಳಲ್ಲಿ ಸಂಜೆಯ ಪ್ರಾರ್ಥನೆಯನ್ನು ಕತ್ತಲಾಗುವುದಕ್ಕೆ ಮೊದಲೇ ಮುಗಿಸುವ ರೂಢಿ ಬೆಳೆದಿತ್ತು. ಹೊತ್ತಿಗೆ ಮುಂಚೆ ಓದಿದ ಶೆಮಾ ಸಲ್ಲುವುದಿಲ್ಲವಾದ್ದರಿಂದ ಹಾಸಿಗೆಯಲ್ಲಿ ಓದುವುದರಿಂದಲೇ ಕಡ್ಡಾಯ ತೀರುತ್ತದೆ ಎಂದು ವ್ಯಾಖ್ಯಾನಕಾರ ರಾಶಿ (1040-1105) ಬರೆದನು. ಅವನ ಮೊಮ್ಮಗನಾದ ರಬ್ಬೇನು ತಾಮ್ ಇದನ್ನು ಒಪ್ಪಲಿಲ್ಲ. ಹಾಸಿಗೆಯಲ್ಲಿ ಓದುವುದು ಒಂದೇ ಖಂಡವನ್ನು, ಕಡ್ಡಾಯವಿರುವುದು ಮೂರು ಖಂಡಗಳಿಗೆ. ಹಾಸಿಗೆಯದು ರಕ್ಷಣೆಗಾಗಿ ಮಾತ್ರ. ಅದೇ ಮುಖ್ಯವಾಗಿದ್ದರೆ ವಿದ್ವಾಂಸನಿಗೆ ವಿನಾಯಿತಿ ಹೇಗೆ ಸಾಧ್ಯ ಎಂಬ ಆಕ್ಷೇಪಗಳು ಈ ಪಂಥದ ವ್ಯಾಖ್ಯಾನಗಳಲ್ಲಿ ಬರುತ್ತವೆ. ಒಂದೇ ಕುಟುಂಬದ ಅಜ್ಜ ಮತ್ತು ಮೊಮ್ಮಗ, ಒಂದೇ ಹಾಸಿಗೆಯ ಪಠನವನ್ನು ಒಬ್ಬರು ಋಣವೆಂದೂ ಮತ್ತೊಬ್ಬರು ರಕ್ಷೆಯೆಂದೂ ಓದಿದರು. ಪಠನ ಬದಲಾಗಿರಲಿಲ್ಲ. ಸಾಮೂಹಿಕ ಪ್ರಾರ್ಥನೆಯ ಹೊತ್ತು ಸರಿದದ್ದರಿಂದ ಮನೆಯ ಆಚರಣೆಯ ಶಾಸ್ತ್ರೀಯ ಸ್ಥಾನವೇ ಚರ್ಚೆಗೆ ಒಳಗಾಯಿತು.

ವಾಡಿಕೆ ವಿಧಿಯಾಗುವ ಬಗೆ

ಸಂಜೆಯ ಪ್ರಾರ್ಥನೆಯ ಇತಿಹಾಸ ಇನ್ನೂ ಒಂದು ಸಂಗತಿಯನ್ನು ತಿಳಿಸುತ್ತದೆ. ಇದು ಶೆಮಾಕ್ಕಿಂತ ಬೇರೆಯಾದ, ನಿಂತು ಮಾಡುವ ಪ್ರಾರ್ಥನೆ. ಅದು ಕಡ್ಡಾಯವೆಂದು ರಬ್ಬಾನ್ ಗಮಲಿಯೇಲನೂ ಐಚ್ಛಿಕವೆಂದು ರಬ್ಬಿ ಯೆಹೋಶುವನೂ ವಾದಿಸಿದರೆಂದು ತಾಲ್ಮೂದ್ ಹೇಳುತ್ತದೆ. (ಈ ಯೆಹೋಶುವನು ಮೇಲೆ ಹೇಳಿದ ಬೆನ್ ಲೇವಿಗಿಂತ ಹಿಂದಿನವನು.) ಸಭೆಯ ಅಧ್ಯಕ್ಷನಾದ ಗಮಲಿಯೇಲನು ಭಿನ್ನಮತದ ಯೆಹೋಶುವನನ್ನು ಎಲ್ಲರೆದುರು ನಿಲ್ಲಿಸಿ ಅವಮಾನಿಸಿದಾಗ ಸಭೆ ಕೆರಳಿ ಅಧ್ಯಕ್ಷನನ್ನೇ ಪದವಿಯಿಂದ ಇಳಿಸಿ, ಎಲಾಜಾರ್ ಬೆನ್ ಅಜರ್ಯನನ್ನು ಆ ಸ್ಥಾನಕ್ಕೆ ತಂದಿತು. ರಾತ್ರಿಯ ಪ್ರಾರ್ಥನೆ ಕಡ್ಡಾಯವೇ ಎಂಬ ಪ್ರಶ್ನೆ ಒಬ್ಬನ ಅಧಿಕಾರವನ್ನೇ ಅಲುಗಾಡಿಸುವಷ್ಟು ತೂಕದ್ದಾಗಿತ್ತು.

ಶಾಸ್ತ್ರದ ಮಟ್ಟದಲ್ಲಿ ಐಚ್ಛಿಕವೆಂಬ ಮತವೇ ಉಳಿಯಿತು. ಆದರೆ 12ನೆಯ ಶತಮಾನದ ಮೈಮೊನಿಡೀಸನು ತನ್ನ ಧರ್ಮಸಂಹಿತೆಯಲ್ಲಿ, ಈ ಪ್ರಾರ್ಥನೆ ಮೂಲತಃ ಕಡ್ಡಾಯವಲ್ಲದಿದ್ದರೂ ಜನರೆಲ್ಲ ತಮ್ಮ ತಮ್ಮ ನೆಲೆಗಳಲ್ಲಿ ಅದನ್ನು ನಡೆಸಿಕೊಂಡು ಬಂದು ಕಡ್ಡಾಯವೆಂದು ತಾವೇ ಸ್ವೀಕರಿಸಿದ್ದಾರೆ ಎಂದು ದಾಖಲಿಸುತ್ತಾನೆ. ಇಲ್ಲಿ ವಿಧಿಯನ್ನು ಹುಟ್ಟಿಸಿದ್ದು ಪಂಡಿತಸಭೆಯಲ್ಲ, ಜನರ ನಡವಳಿಕೆ. ಸತ್ಪದ್ಧತಿಯೊಂದನ್ನು ನಿತ್ಯವೂ ನಡೆಸುವ ಸಂಕಲ್ಪದಿಂದ ರೂಢಿಸಿಕೊಂಡವನಿಗೆ ಅದು ಹರಕೆಯಂತೆ ಅಂಟಿಕೊಳ್ಳುತ್ತದೆ, ಬಿಡಬೇಕಾದರೆ ಬಿಡುಗಡೆಯ ಕ್ರಮವನ್ನು ಅನುಸರಿಸಬೇಕು ಎಂಬ ನಿಯಮವೂ ಆ ಧರ್ಮಶಾಸ್ತ್ರದಲ್ಲಿದೆ. ಕನ್ನಡದ 'ನೇಮ' ಎಂಬ ಪರಿಕಲ್ಪನೆಗೂ ಉದ್ಯಾಪನೆಗೂ ಇದು ಎಷ್ಟು ಹತ್ತಿರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪಶ್ಚಿಮ ಕರಾವಳಿಯ ಕೊಂಕಣದ ಬೆನೆ ಇಸ್ರೇಲ್ ಸಮುದಾಯದ ವೃತ್ತಾಂತವನ್ನೂ ಇಲ್ಲಿ ಸ್ಮರಿಸಬಹುದು. ಇತರ ಯಹೂದಿಗಳ ಸಂಪರ್ಕವಿಲ್ಲದೆ ದೀರ್ಘಕಾಲ ಬದುಕಿದ್ದ ಇವರು ಗ್ರಂಥಗಳನ್ನೂ ಹೀಬ್ರೂ ಪ್ರಾರ್ಥನೆಗಳನ್ನೂ ಮರೆತಿದ್ದರೂ ಸಬ್ಬತ್ತು, ಸುನ್ನತಿ, ಕೆಲವು ಆಹಾರನಿಯಮಗಳು ಮತ್ತು ಶೆಮಾದ ಪಠನವನ್ನು ಉಳಿಸಿಕೊಂಡಿದ್ದರೆಂದು ಅವರ ಪರಂಪರೆ ಹೇಳುತ್ತದೆ. ಶಾಸ್ತ್ರ ಕೈತಪ್ಪಿದಾಗ ಅದರ ತಿರುಳು ಮನೆಯ ವಾಡಿಕೆಯಲ್ಲಿ ಉಳಿಯಿತು ಎಂಬ ಈ ನೆನಪು ವಿಧಿ ಮೇಲಿನದು, ವಾಡಿಕೆ ಕೆಳಗಿನದು ಎಂಬ ನಮ್ಮ ಶ್ರೇಣೀಕರಣವನ್ನು ಪ್ರಶ್ನಿಸುತ್ತದೆ. ಬೆಂಗಳೂರಿನಲ್ಲಿಯೂ ಒಂದು ಚಿಕ್ಕ ಯಹೂದಿ ಸಮುದಾಯವಿತ್ತು; 1904ರಲ್ಲಿ ಮೈಸೂರು ಅರಸರ ಕಾಲದಲ್ಲಿ ದೊರೆತ ನೆಲದಲ್ಲಿ ಅವರ ಸ್ಮಶಾನ ಮೈಸೂರು ರಸ್ತೆಯ ಬದಿಯಲ್ಲಿ ಇಂದಿಗೂ ಇದೆ.

ಕನ್ನಡ ನೆಲದ ಪರಂಪರೆಗಳಲ್ಲಿ

ಮೀಮಾಂಸೆಯ ಪರಿಭಾಷೆಯಲ್ಲಿ ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಭಾಗವಾಗಿವೆ. ನಿತ್ಯವನ್ನು ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ. ಸಂಧ್ಯಾವಂದನೆ ಉಪನೀತನಿಗೆ ನಿತ್ಯ. ಅದು ಸೂರ್ಯನಿಗೆ ಅಂಟಿಕೊಂಡ ಕರ್ಮ, ಹಾಸಿಗೆಗೆ ಅಂಟಿಕೊಂಡದ್ದಲ್ಲ. ಶಯನವನ್ನು ಕುರಿತು ಶಾಸ್ತ್ರಗಳು ಮೌನವಾಗಿವೆ ಎಂದಲ್ಲ. ವಿಷ್ಣುಪುರಾಣದ ಮೂರನೆಯ ಅಂಶದಲ್ಲಿ ಗೃಹಸ್ಥನ ದಿನಚರಿಯನ್ನು ಹೇಳುವಾಗ ತಲೆಯನ್ನು ಯಾವ ದಿಕ್ಕಿಗೆ ಇಟ್ಟು ಮಲಗಬೇಕೆಂಬುದೂ ಬರುತ್ತದೆ. ಆದರೆ ಇದು ಸದಾಚಾರದ ವಲಯದ್ದು.

ಸದಾಚಾರಕ್ಕೆ ಪ್ರಾಮಾಣ್ಯವೆಲ್ಲಿಯದು ಎಂಬ ಪ್ರಶ್ನೆಯನ್ನು ಜೈಮಿನಿಸೂತ್ರದ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿರುವ ಹೋಲಾಕಾಧಿಕರಣ ಎತ್ತಿಕೊಳ್ಳುತ್ತದೆ. ಹೋಲಾಕವನ್ನು ಪೂರ್ವದೇಶದವರು ಮಾತ್ರ ಆಚರಿಸುತ್ತಾರೆ. ಹಾಗಾದರೆ ಅದಕ್ಕೆ ಆಧಾರವಾಗಿ ಊಹಿಸುವ ಶ್ರುತಿವಾಕ್ಯ ಅವರಿಗೆ ಮಾತ್ರ ಅನ್ವಯಿಸುವುದೇ ಎಂಬುದು ಅಲ್ಲಿನ ಸಂಶಯ. ಶ್ರುತಿ ಎಲ್ಲರಿಗೂ ಸಮಾನವೆಂಬುದು ಸಿದ್ಧಾಂತ. ಮೀಮಾಂಸಕರು ದೇಶಾಚಾರಕ್ಕೆ ಬೆಲೆ ಕೊಡಲು ಅದರ ಹಿಂದೆ ಒಂದು ವಿಧಿವಾಕ್ಯವನ್ನು ಊಹಿಸಬೇಕಾಯಿತು. ಮೈಮೊನಿಡೀಸನು ಜನರ ಸ್ವೀಕಾರವನ್ನೇ ಸಾಕಷ್ಟು ಆಧಾರವೆಂದನು. ಎರಡೂ ಪರಂಪರೆಗಳು ವಾಡಿಕೆಯನ್ನು ಗೌರವಿಸಿದರೂ ಗೌರವದ ಕಾರಣಗಳು ಬೇರೆ.

ನೆಲಮಂಗಲದ ಮಟ್ಟಿಗೆ ಇನ್ನೂ ಹಳೆಯ ನಿದರ್ಶನ ಜೈನರದು. ತಾಲ್ಲೂಕಿನ ಮಣ್ಣೆ ಗ್ರಾಮವೇ ಗಂಗರ ಮಾನ್ಯಪುರ. ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ ಕ್ರಿ.ಶ. 797ರ ಮಣ್ಣೆಯ ತಾಮ್ರಪಟಗಳಿಂದ ತಿಳಿಯುತ್ತದೆ. ಜೈನ ಮುನಿಗಳ ನಿತ್ಯಾಚರಣೆಯ ಹೆಸರೇ 'ಆವಶ್ಯಕ', ಬಿಡಲಾಗದ್ದು. ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಎಂಬ ಆರರಲ್ಲಿ ಪ್ರತಿಕ್ರಮಣವು ಆದ ತಪ್ಪುಗಳಿಂದ ಹಿಂದಿರುಗುವ ಕ್ರಿಯೆ. ಹಗಲಿನ ದೋಷಗಳಿಗೆ ದೈವಸಿಕ, ಇರುಳಿನ ದೋಷಗಳಿಗೆ ರಾತ್ರಿಕ ಎಂದು ಅದರಲ್ಲಿ ಭೇದವಿದೆ. ದಿನದ ಕೊನೆಯಲ್ಲಿ ಲೆಕ್ಕ ಒಪ್ಪಿಸುವುದು ಇಲ್ಲಿ ಭಯನಿವಾರಣೆಯ ಉಪಾಯವಲ್ಲ, ಸಾಧನೆಯ ಅಂಗ. ಮಣ್ಣೆಯ ಬಸದಿಯ ಸುತ್ತ ನೆಲೆಸಿದ್ದ ಮುನಿಸಮುದಾಯದ ದಿನಚರಿಗೆ ಈ ಆವಶ್ಯಕಗಳೇ ಚೌಕಟ್ಟಾಗಿದ್ದಿರಬೇಕು. ಯಹೂದಿಗಳಲ್ಲಿಯೂ ನಂತರದ ಕಾಲದಲ್ಲಿ ಶಯನಕಾಲದ ಪಠನಕ್ಕೆ, ತನಗೆ ಅನ್ಯಾಯ ಮಾಡಿದವರನ್ನು ಕ್ಷಮಿಸುವ ಮಾತುಗಳನ್ನು ಹಲವರು ಸೇರಿಸಿಕೊಂಡದ್ದು ಇಲ್ಲಿ ಹೋಲಿಕೆಗೆ ಬರುತ್ತದೆ. ಅಲ್ಲಿ ಅದು ರೂಢಿ, ಇಲ್ಲಿ ಆವಶ್ಯಕ.

ವಿಧಿಗೆ ಯಾರು ಒಳಪಟ್ಟವರು ಎಂಬುದೂ ಮುಖ್ಯ ಪ್ರಶ್ನೆ. ಶೆಮಾದ ಕಡ್ಡಾಯದಿಂದ ಮಿಶ್ನಾ ಸ್ತ್ರೀಯರನ್ನು ಹೊರಗಿಡುತ್ತದೆ, ಪ್ರಾರ್ಥನೆಯಿಂದ ಹೊರಗಿಡುವುದಿಲ್ಲ. ಸಂಧ್ಯಾವಂದನೆ ರೂಢಿಯಲ್ಲಿ ಉಪನೀತ ಪುರುಷನದು. ಇದಕ್ಕೆ ಪ್ರತಿಯಾಗಿ ವೀರಶೈವ ಪರಂಪರೆಯಲ್ಲಿ ದೀಕ್ಷೆ ಸ್ತ್ರೀಪುರುಷರಿಬ್ಬರಿಗೂ ಉಂಟು. ಇಷ್ಟಲಿಂಗ ನಿದ್ರೆಯಲ್ಲಿಯೂ ಅಂಗದ ಮೇಲೆಯೇ ಇರತಕ್ಕದ್ದು. ಶಿವಗಂಗೆಯ ಸುತ್ತಣ ವೀರಶೈವ ಮನೆಗಳ ಆಚರಣೆಯನ್ನು ವಿವರಿಸುವವರು ಗಂಡಸಿನ ವಿಧಿ, ಹೆಂಗಸಿನ ವಾಡಿಕೆ ಎಂಬ ವಿಭಜನೆಯನ್ನು ಅಲ್ಲಿಗೂ ಒಯ್ದರೆ ಆ ಪರಂಪರೆಗೆ ಅನ್ಯಾಯವಾಗುತ್ತದೆ. ಮುಸ್ಲಿಮರಲ್ಲಿ ರಾತ್ರಿಯ ಇಶಾ ನಮಾಜು ಫರ್ಜ್, ಹನಫಿ ಮತದಂತೆ ವಿತ್ರ್ ವಾಜಿಬ್, ಮಲಗುವಾಗಿನ ದುವಾಗಳು ಸುನ್ನತ್ ಎಂಬ ಶ್ರೇಣಿಯಿದೆ. ಎರಡೇ ವರ್ಗಗಳ ನಮ್ಮ ಕೋಷ್ಟಕ ಇದನ್ನೂ ಹಿಡಿಯಲಾರದು.

ಭಯ ಮತ್ತು ಭರವಸೆ

ಅಜ್ಜಿ ಹೇಳುತ್ತಿದ್ದ ಎರಡು ಶ್ಲೋಕಗಳು ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವಂಥವು. ಒಂದು ರಾಮ, ಸ್ಕಂದ, ಹನುಮಂತ, ಗರುಡ, ಭೀಮರನ್ನು ನೆನೆದು ಕೆಟ್ಟ ಕನಸನ್ನು ದೂರಮಾಡಿಕೊಳ್ಳುವುದು. ಮತ್ತೊಂದು ಅಗಸ್ತ್ಯ, ಮಾಧವ, ಮುಚುಕುಂದ, ಕಪಿಲ, ಆಸ್ತೀಕ ಎಂಬ ಐವರು ಸುಖನಿದ್ರಿತರನ್ನು ನೆನೆಯುವುದು. ಜನಮೇಜಯನ ಸರ್ಪಯಾಗವನ್ನು ನಿಲ್ಲಿಸಿದ ಆಸ್ತೀಕನ ಹೆಸರು ಇಲ್ಲಿ ಬರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಬಯಲುಸೀಮೆಯ ರೈತಾಪಿ ಮನೆಗಳಲ್ಲಿ ಹಾವಿನ ಭಯ ಕಲ್ಪಿತವಾದುದಲ್ಲ.

ರಕ್ಷಣೆಯ ಉದ್ದೇಶವಿದೆ ಎಂಬ ಒಂದೇ ಕಾರಣಕ್ಕೆ ಇಂಥ ಪಠನವನ್ನು 'ನಂಬಿಕೆ'ಯ ಪಟ್ಟಿಗೆ ಸೇರಿಸುವುದು ಸರಿಯೇ? ಯಹೂದಿ ಶಾಸ್ತ್ರಕಾರರು ಈ ಉದ್ದೇಶವನ್ನು ಮರೆಮಾಚಲಿಲ್ಲ, ಅದರಿಂದ ಆಚರಣೆಯ ಬೆಲೆ ಕುಗ್ಗಿತೆಂದು ಭಾವಿಸಲೂ ಇಲ್ಲ. 16ನೆಯ ಶತಮಾನದಲ್ಲಿ ಯೋಸೇಫ್ ಕಾರೋ ರಚಿಸಿದ 'ಶುಲ್ಹಾನ್ ಅರೂಖ್' ಸಂಹಿತೆ ಶಯನಕಾಲದ ಶೆಮಾಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಡುತ್ತದೆ. ಅದಕ್ಕೆ ಪೋಲೆಂಡಿನ ಮೋಸೆಸ್ ಇಸ್ಸರ್ಲೆಸ್ ಬರೆದ ಟಿಪ್ಪಣಿಯಲ್ಲಿ ಪಾಸ್ಕ ಹಬ್ಬದ ರಾತ್ರಿಯ ಒಂದು ರೂಢಿ ದಾಖಲಾಗಿದೆ. ಅದು ದೇವರೇ ಕಾವಲಿರುವ ರಾತ್ರಿಯಾದ್ದರಿಂದ ರಕ್ಷಣೆಗಾಗಿ ಸೇರಿಸಿದ ಉಳಿದ ಪಾಠಗಳನ್ನು ಬಿಟ್ಟು ಶೆಮಾವನ್ನು ಮಾತ್ರ ಓದುತ್ತಾರೆ. ಭಯವಿಲ್ಲದ ರಾತ್ರಿಯಲ್ಲಿ ಏನು ಉಳಿಯುತ್ತದೆಯೋ ಅದು ಆ ಆಚರಣೆಯ ಬೇರೆಯೇ ಪದರ. ರಕ್ಷೆಯ ಪದರವನ್ನೂ ನಿಷ್ಠೆಯ ಪದರವನ್ನೂ ಬೇರ್ಪಡಿಸಿ ತೋರಿಸುವ ಇಂಥ ಸಂದರ್ಭಗಳನ್ನು ನಮ್ಮ ಕ್ಷೇತ್ರಕಾರ್ಯದಲ್ಲಿಯೂ ಹುಡುಕಬಹುದು. ನಮ್ಮ ಮನೆಗೆ ಮಂಚಗಳೂ ವಿದ್ಯುದ್ದೀಪಗಳೂ ಬಂದ ಮೇಲೆ ಅಜ್ಜಿ ಆಸ್ತೀಕನನ್ನು ಬಿಡಲಿಲ್ಲ. ಹಾವಿನ ಭಯ ತೀರಿದರೂ ಪಠನ ಉಳಿದದ್ದನ್ನು ಭಯದಿಂದ ವಿವರಿಸಲಾಗದು. ಅದು ಅವರ ನೇಮವಾಗಿತ್ತು. ಮಲಗುವ ಮಕ್ಕಳ ಮೇಲಿನ ಹೊಣೆಯೂ ಆಗಿತ್ತು.

ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ವಿಧಿ ಮತ್ತು ವಾಡಿಕೆಗಳ ನಡುವೆ 'ನೇಮ' ಎಂಬ ಸ್ವತಂತ್ರ ವರ್ಗವನ್ನು ಒಪ್ಪಿಕೊಳ್ಳಬೇಕು. ಕನ್ನಡ ನುಡಿ ಅದನ್ನು ಈಗಾಗಲೇ ಒದಗಿಸಿದೆ. ಎರಡು, ಆಚರಣೆಯೊಂದರ ಸ್ಥಾನ ಗ್ರಂಥದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಹೊತ್ತು ಸರಿದಾಗ, ಜನ ಸ್ವೀಕರಿಸಿದಾಗ, ಗ್ರಂಥ ಕೈತಪ್ಪಿದಾಗ ಅದು ಬದಲಾಗುತ್ತದೆ. ಮೂರು, ರಕ್ಷಣೆಯ ಉದ್ದೇಶವಿರುವುದು ಆಚರಣೆಯನ್ನು ಕೀಳುಮಾಡಲು ಕಾರಣವಾಗಬಾರದು.

ಇದರಿಂದ ಕ್ಷೇತ್ರಕಾರ್ಯಕ್ಕೆ ಮೂರು ಪ್ರಶ್ನೆಗಳು ದೊರೆಯುತ್ತವೆ. ಬಿಟ್ಟರೆ ಏನಾಗುತ್ತದೆಂದು ಆಚರಿಸುವವರು ತಿಳಿಯುತ್ತಾರೆ: ದೋಷವೋ, ಅಪಾಯವೋ, ಬರಿಯ ಅಸಮಾಧಾನವೋ? ಯಾರು ಇದಕ್ಕೆ ಒಳಪಟ್ಟವರು, ಯಾರು ಹೊರಗಿನವರು? ಆಚರಣೆ ಅಂಟಿಕೊಂಡಿರುವುದು ಸೂರ್ಯನಿಗೋ ಹಾಸಿಗೆಗೋ? ಕೊನೆಯ ಪ್ರಶ್ನೆಗೆ ಇಂದು ವಿಶೇಷ ಪ್ರಸಕ್ತಿಯಿದೆ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನಲ್ಲಿ ಮಲಗುವವರಿಗೆ ಸಂಜೆಯ ಕರ್ಮ ತಪ್ಪುತ್ತದೆ. ಹಾಸಿಗೆಯ ಪ್ರಾರ್ಥನೆ ತಪ್ಪಬೇಕಾಗಿಲ್ಲ. ಶಮ್ಮಾಯಿ ಮತ್ತು ಹಿಲ್ಲೆಲರ ಪಂಥಗಳು ಚರ್ಚಿಸಿದ ಪ್ರಶ್ನೆ ಈ ಮನೆಗಳಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತಿದೆ. ಅದನ್ನು ದಾಖಲಿಸುವ ಕೆಲಸ ಆಗಬೇಕಾಗಿದೆ.

ನನ್ನ ಟಿಪ್ಪಣಿಗಳಲ್ಲಿ ಅಜ್ಜಿಯ ಶ್ಲೋಕಗಳನ್ನು 'ನಂಬಿಕೆಗಳು' ಎಂಬ ಶೀರ್ಷಿಕೆಯಿಂದ ತೆಗೆದಿದ್ದೇನೆ. ಅವನ್ನು 'ವಿಧಿಗಳು' ಎಂಬಲ್ಲಿಗೂ ಸೇರಿಸಿಲ್ಲ. 'ನೇಮಗಳು' ಎಂಬ ಹೊಸ ಶೀರ್ಷಿಕೆಯಲ್ಲಿ ಅದು ಮೊದಲ ನಮೂದಾಗಿದೆ.